ಪ್ರಸಾದ, ಅವತಾರ, ಉಪವಾಸ: ಕ್ರೈಸ್ತ ಧರ್ಮ ಮತ್ತು ಬೇರೆ ಧರ್ಮಗಳ ಬಗ್ಗೆ ಹುಡುಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದವಳು. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಹನ್ನೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಆದರೆ ಕಷ್ಟದ ಪ್ರಶ್ನೆಗಳು ಅಲ್ಲಿ ಬರಲಿಲ್ಲ, ಸಂಜೆ ನಮ್ಮ ಮನೆ ಮೆಟ್ಟಿಲ ಮೇಲೆ ಕೂರುವ ಬೀದಿ ಹುಡುಗರಿಂದ ಬಂದವು. ಅವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದಾರೆ.

ಒಂದು ಕ್ರಿಸ್ಮಸ್ ರಾತ್ರಿ ಅವರಲ್ಲೊಬ್ಬ ನಮ್ಮ ಜೊತೆ ಚರ್ಚಿಗೆ ಬಂದಿದ್ದ. ಆಗ ಆರನೇ ಕ್ಲಾಸು. ಎಲ್ಲರೂ ಎದ್ದು ಸಾಲು ಹಿಡಿದಾಗ ಅವನೂ ಹಿಡಿದ. ಗುರುಗಳು ಅವನ ಅಂಗೈಯಲ್ಲಿ ಬಿಳಿ ಬಿಲ್ಲೆಯಂಥ ಪರಮಪ್ರಸಾದ ಇಟ್ಟರು. ಅವನು ಅದನ್ನು ಕಣ್ಣಿಗೊತ್ತಿಕೊಂಡ, ಕರ್ಚೀಫಿನಲ್ಲಿ ಸುತ್ತಿದ, ಶರ್ಟಿನ ಜೇಬಿಗೆ ಇಳಿಸಿದ. ಬಾಗಿಲ ಹತ್ತಿರ ನಿಂತಿದ್ದ ಹಿರಿಯರೊಬ್ಬರು ಗಾಬರಿಯಿಂದ ಓಡಿ ಬಂದು ಭುಜ ಹಿಡಿದರು. ಹುಡುಗ ಬೆವತುಹೋದ. "ಅಜ್ಜಿಗೆ ಒಯ್ತೀನಿ. ಪ್ರಸಾದ ಒಬ್ಬನೇ ತಿನ್ನಬಾರದು ಅಂತ ಅಜ್ಜಿ ಹೇಳ್ತಾರೆ" ಅಂದ.

ಅವನ ಪ್ರಕಾರ ಅವನು ಮಾಡಿದ್ದು ನೂರಕ್ಕೆ ನೂರು ಸರಿ. ಪ್ರಸಾದ ಅಂದರೆ ಮನೆಗೆ ತಂದು ಹಂಚುವುದು. ನಮಗೆ ಅದು ಕ್ರಿಸ್ತರ ಶರೀರ, ಕೊಟ್ಟ ಜಾಗದಲ್ಲೇ ಸೇವಿಸಬೇಕು, ಜೇಬಿಗೆ ಹಾಕುವಂತಿಲ್ಲ. ಕನ್ನಡದಲ್ಲಿ ಪದ ಒಂದೇ, ಒಳಗಿರುವ ಸರಕು ಬೇರೆ. ಧರ್ಮಗಳನ್ನು ಹೋಲಿಸುವಾಗ ನಾವು ಎಡವುವುದು ಜಾಸ್ತಿ ಇಲ್ಲೇ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಪದಗಳ ಹಿಂದೆ ಸ್ವಲ್ಪ ಜಾಸ್ತಿ ಬಿದ್ದಿದ್ದೇನೆ.

ಎಲ್ಲಾ ಧರ್ಮಗಳೂ ಹೇಳೋದು ಒಂದೇ ಅಲ್ವಾ ಆಂಟಿ?

ದೊಡ್ಡವರು ಹಾಗೆ ಹೇಳುವುದು ಜಗಳ ಆಗಬಾರದು ಅಂತ. ಉದ್ದೇಶ ಒಳ್ಳೆಯದು. ಆದರೆ ಅದು ನಿಜವಲ್ಲ, ಯಾಕೆಂದರೆ ಪ್ರತಿ ಧರ್ಮ ಶುರುವಾಗುವುದೇ ಬೇರೆ ಬೇರೆ ಪ್ರಶ್ನೆಯಿಂದ.

ಬುದ್ಧರು ಕೇಳಿದ್ದು: ದುಃಖ ಎಲ್ಲಿಂದ ಬರುತ್ತದೆ, ಅದನ್ನು ನಿಲ್ಲಿಸುವುದು ಹೇಗೆ? ಜೈನರು ಕೇಳುವುದು: ಜೀವಕ್ಕೆ ಅಂಟಿದ ಕರ್ಮವನ್ನು ಕಳಚುವುದು ಹೇಗೆ? ಇಸ್ಲಾಂ ಕೇಳುವುದು: ಒಬ್ಬನೇ ದೇವರ ಇಚ್ಛೆಗೆ ತಲೆಬಾಗಿ ಬದುಕುವುದು ಹೇಗೆ? ಕ್ರೈಸ್ತರ ಪ್ರಶ್ನೆ ಇನ್ನೊಂದು: ದೇವರಿಗೂ ಮನುಷ್ಯನಿಗೂ ನಡುವೆ ಮುರಿದುಬಿದ್ದ ಸಂಬಂಧವನ್ನು ಕೂಡಿಸುವವರು ಯಾರು? ಮೆಜೆಸ್ಟಿಕ್‌ನಲ್ಲಿ ನಿಂತು ಒಬ್ಬ ಹಾಸನದ ಬಸ್ಸು ಕೇಳುತ್ತಾನೆ, ಇನ್ನೊಬ್ಬ ಬೀದರ್ ಬಸ್ಸು ಕೇಳುತ್ತಾನೆ. ಇಬ್ಬರನ್ನೂ ಒಂದೇ ಬಸ್ಸಿಗೆ ಹತ್ತಿಸಿ "ಎಲ್ಲಾ ಒಂದೇ, ಹೋಗಿ ಬನ್ನಿ" ಅಂದರೆ ಹೇಗಿರುತ್ತದೆ?

ಸರಿ, ಕ್ರೈಸ್ತರು ಏನು ನಂಬುತ್ತಾರೆ, ಚಿಕ್ಕದಾಗಿ ಹೇಳಿ.

ಲೋಕವನ್ನು ಒಬ್ಬ ದೇವರು ಪ್ರೀತಿಯಿಂದ ಸೃಷ್ಟಿಸಿದರು. ಮನುಷ್ಯ ಆ ಪ್ರೀತಿಗೆ ಬೆನ್ನು ತಿರುಗಿಸಿದ, ಅದಕ್ಕೆ ಪಾಪ ಅನ್ನುತ್ತೇವೆ. ಆಗ ದೇವರೇ ಯೇಸು ಎಂಬ ಮನುಷ್ಯರಾಗಿ ಹುಟ್ಟಿ, ಬಡವರ ನಡುವೆ ಬದುಕಿ, ಶಿಲುಬೆಯ ಮೇಲೆ ಸತ್ತು, ಮೂರನೇ ದಿನ ಎದ್ದುಬಂದರು. ಅವರನ್ನು ನಂಬಿ ಅವರಂತೆ ಬದುಕಲು ಹೊರಟವರು ಕ್ರೈಸ್ತರು. ಉಳಿದದ್ದೆಲ್ಲ ಇದರ ವಿವರಣೆ.

ಈ ಕೊನೆಯ ಘಟನೆ, ಎದ್ದುಬಂದದ್ದು, ತೆಗೆದುಬಿಟ್ಟರೆ ಕ್ರೈಸ್ತ ಧರ್ಮದಲ್ಲಿ ಒಳ್ಳೆಯ ಮಾತುಗಳು ಮಾತ್ರ ಉಳಿಯುತ್ತವೆ. ಮೊದಲ ಶತಮಾನದಲ್ಲಿ ಈ ನಂಬಿಕೆ ಸಾರಿದ ಸಂತ ಪೌಲರೇ ತಮ್ಮ ಪತ್ರವೊಂದರಲ್ಲಿ, ಕ್ರಿಸ್ತರು ಎದ್ದಿಲ್ಲವಾದರೆ ನಮ್ಮ ನಂಬಿಕೆ ವ್ಯರ್ಥ ಎಂಬ ಅರ್ಥದ ಮಾತು ಬರೆದಿದ್ದಾರೆ.

ಯೇಸು ನಿಜವಾಗಿ ಇದ್ದರಾ, ಅಥವಾ ಕತೆನಾ?

ಇದ್ದರು ಅನ್ನುವುದರಲ್ಲಿ ಇತಿಹಾಸಕಾರರಿಗೆ ಹೆಚ್ಚು ತಕರಾರಿಲ್ಲ, ನಂಬದವರೂ ಸೇರಿ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಮತ್ತು ಯೆಹೂದಿ ಇತಿಹಾಸಕಾರ ಜೋಸೆಫಸ್ ಇಬ್ಬರ ಬರಹದಲ್ಲೂ ಅವರ ಪ್ರಸ್ತಾಪ ಇದೆ. ಶಿಲುಬೆಗೆ ಹಾಕಿಸಿದ ರಾಜ್ಯಪಾಲ ಪಿಲಾತ ಜುದೇಯದಲ್ಲಿ ಸುಮಾರು ಕ್ರಿ.ಶ. 26ರಿಂದ 36ರವರೆಗೆ ಅಧಿಕಾರದಲ್ಲಿದ್ದವನು. ಎದ್ದುಬಂದರು ಅನ್ನುವುದು ನಂಬಿಕೆಯ ಮಾತು, ಅದನ್ನು ಇತಿಹಾಸದ ಪುಸ್ತಕ ಸಾಬೀತು ಮಾಡಲಾರದು.

ಇನ್ನೊಂದು ತಮಾಷೆ. ಡಿಸೆಂಬರ್ 25 ಅಂತ ಬೈಬಲಿನಲ್ಲಿ ಎಲ್ಲೂ ಇಲ್ಲ, ಆ ತಾರೀಕು ಆಮೇಲೆ ಬಂದದ್ದು. ಯೇಸು ಹುಟ್ಟಿದ್ದು ಕ್ರಿಸ್ತಪೂರ್ವ 6ರಿಂದ 4ರ ನಡುವೆ ಇರಬೇಕು ಅನ್ನುತ್ತಾರೆ ವಿದ್ವಾಂಸರು. ಕ್ರಿಸ್ತರು ಕ್ರಿಸ್ತಪೂರ್ವದಲ್ಲಿ ಹುಟ್ಟಿದ್ದು ಹೇಗೆ ಅಂತ ಕೇಳಬೇಡಿ, ಕ್ಯಾಲೆಂಡರ್ ಲೆಕ್ಕ ಹಾಕಿದ ಸನ್ಯಾಸಿ ಸ್ವಲ್ಪ ತಪ್ಪಿದ, ಅಷ್ಟೇ.

ಬುದ್ಧ, ಮುಹಮ್ಮದ್, ಗುರುನಾನಕ್, ಯೇಸು. ಎಲ್ಲರೂ ಧರ್ಮಸ್ಥಾಪಕರೇ ಅಲ್ವಾ? ಒಂದೇ ಪಟ್ಟಿಯಲ್ಲಿ ಹಾಕಬಹುದಲ್ಲ?

ಪರೀಕ್ಷೆಗೆ ಹಾಕಬಹುದು. ಅರ್ಥ ಮಾಡಿಕೊಳ್ಳಲು ಆ ಪಟ್ಟಿ ಸಾಲದು.

ಬುದ್ಧರು ದಾರಿ ತೋರಿಸಿದವರು, ನಡೆಯಬೇಕಾದವರು ನಾವು. ಪ್ರವಾದಿ ಮುಹಮ್ಮದರು (ಸುಮಾರು 570ರಿಂದ 632) ಅಲ್ಲಾಹನ ಸಂದೇಶ ತಂದ ದೂತರು. ಮುಸ್ಲಿಮರು ಅವರನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತಾರೆ, ಆದರೆ ಆರಾಧಿಸುವುದಿಲ್ಲ, ಆರಾಧಿಸಿದರೆ ಅದು ದೊಡ್ಡ ತಪ್ಪು. ಗುರುನಾನಕರು (1469ರಿಂದ 1539) ಗುರು. ಹತ್ತನೇ ಗುರುವಿನ ನಂತರ ಸಿಖ್ಖರಿಗೆ ಗುರು ಅಂದರೆ ಗ್ರಂಥವೇ, 1430 ಪುಟಗಳ ಗುರು ಗ್ರಂಥ ಸಾಹಿಬ್. ಹಿಂದೂ ಧರ್ಮಕ್ಕಂತೂ ಒಬ್ಬ ಸ್ಥಾಪಕ ಅಂತಲೇ ಇಲ್ಲ.

ಯೇಸುವಿನ ವಿಷಯದಲ್ಲಿ ಸಂದೇಶ ತಂದವರು ಬೇರೆ, ಸಂದೇಶ ಬೇರೆ ಅಲ್ಲ. ದೇವರ ವಾಕ್ಯವೇ ಮನುಷ್ಯರಾಗಿ ಬಂತು ಅನ್ನುತ್ತದೆ ಬೈಬಲಿನ ಯೊವಾನ್ನರ ಸುವಾರ್ತೆ. ಹಾಗಾಗಿ ನಿಮ್ಮ ಪ್ರಾಜೆಕ್ಟ್ ಚಾರ್ಟಿನಲ್ಲಿ ಯೇಸುವಿನ ಎದುರು ಮುಹಮ್ಮದರ ಹೆಸರು, ಬೈಬಲ್ ಎದುರು ಕುರಾನ್ ಅಂತ ಬರೆದಿದ್ದರೆ ಸ್ವಲ್ಪ ಅಳಿಸಿ. ಇಸ್ಲಾಮಿನಲ್ಲಿ ದೇವರ ವಾಕ್ಯ ಲೋಕಕ್ಕೆ ಇಳಿದದ್ದು ಕುರಾನ್ ಆಗಿ, ಕ್ರೈಸ್ತರಲ್ಲಿ ಇಳಿದದ್ದು ಯೇಸುವಾಗಿ. ಯೇಸುವಿನ ಎದುರು ಕುರಾನ್ ಇಟ್ಟು ನೋಡಿ, ಎರಡೂ ಧರ್ಮ ಹೆಚ್ಚು ಅರ್ಥವಾಗುತ್ತವೆ. ಕುರಾನಿನ ಪ್ರತಿಯನ್ನು ಒಬ್ಬ ಮುಸ್ಲಿಂ ಯಾಕೆ ಅಷ್ಟು ಜೋಪಾನವಾಗಿ, ಕೈಕಾಲು ತೊಳೆದು ಮುಟ್ಟುತ್ತಾನೆ ಅನ್ನುವುದೂ, ಪರಮಪ್ರಸಾದ ಜೇಬಿಗಿಳಿದಾಗ ಆ ಹಿರಿಯರು ಯಾಕೆ ಓಡಿಬಂದರು ಅನ್ನುವುದೂ ಆಗ ಹೊಳೆಯುತ್ತದೆ.

ತ್ರಿಯೇಕ ದೇವರು ಅಂತೀರಿ. ಬ್ರಹ್ಮ, ವಿಷ್ಣು, ಮಹೇಶ್ವರ ಥರ ತಾನೆ?

ಎರಡರಲ್ಲೂ ಮೂರು ಇದೆ. ಹೋಲಿಕೆ ಹೆಚ್ಚುಕಮ್ಮಿ ಅಲ್ಲಿಗೇ ಮುಗಿಯಿತು. ತ್ರಿಮೂರ್ತಿಗಳಲ್ಲಿ ಸೃಷ್ಟಿ, ಸ್ಥಿತಿ, ಲಯ ಅಂತ ಕೆಲಸ ಹಂಚಿಕೆ ಇದೆ. ಪಿತ, ಸುತ, ಪವಿತ್ರಾತ್ಮ ಅಂದಾಗ ಹಾಗೆ ಇಲಾಖೆ ಹಂಚಿಕೊಂಡಿಲ್ಲ. ದೇವರು ಒಬ್ಬರೇ, ಆ ಒಬ್ಬ ದೇವರ ಒಳಗೇ ಪ್ರೀತಿಯ ಸಂಬಂಧ ಇದೆ ಅನ್ನುವುದು ಅದರ ಹೂರಣ. ಇದನ್ನು ಹೇಗೆ ಹೇಳಬೇಕು ಅಂತ ಚರ್ಚಿನವರೇ ನೂರಾರು ವರ್ಷ ಗುದ್ದಾಡಿದರು. 325ರಲ್ಲಿ ನೈಸಿಯಾ ಎಂಬ ಊರಲ್ಲಿ, ಅದು ಇವತ್ತಿನ ಟರ್ಕಿಯಲ್ಲಿದೆ, ಬಿಷಪ್ಪರ ಮಹಾಸಭೆ ಕೂಡಿತು. ಸುತ ಪಿತನಿಗೆ ಸಮಾನರು, ಸೃಷ್ಟಿಯಾದವರಲ್ಲ ಅಂತ ತೀರ್ಮಾನ ಆದದ್ದು ಅಲ್ಲಿ. ತರಗತಿಯಲ್ಲಿ ನಾನು ಮೂರೆಲೆಯ ಗಿಡ ತೋರಿಸಿ ವಿವರಿಸುತ್ತಿದ್ದೆ. ಒಬ್ಬಳು "ಒಂದು ಎಲೆ ಕಿತ್ತರೆ?" ಅಂದಳು. ಅವತ್ತಿನಿಂದ ಗಿಡ ತರುವುದು ಬಿಟ್ಟೆ.

ಯೆಹೂದ್ಯರೂ ಮುಸ್ಲಿಮರೂ ಇದನ್ನು ಒಪ್ಪುವುದಿಲ್ಲ. ದೇವರು ಯಾರನ್ನೂ ಹೆತ್ತಿಲ್ಲ, ಯಾರಿಂದಲೂ ಹುಟ್ಟಿಲ್ಲ ಅಂತ ಕುರಾನಿನ 112ನೇ ಅಧ್ಯಾಯ ನೇರವಾಗಿ ಹೇಳುತ್ತದೆ.

ಹಾಗಾದರೆ ಯೇಸು ಒಂದು ಅವತಾರ ಅನ್ನಬಹುದಾ?

ನಮ್ಮ ಕನ್ನಡ ಪುಸ್ತಕಗಳಲ್ಲೂ ಮನುಷ್ಯಾವತಾರ ಅನ್ನುವ ಪದ ಬರುತ್ತದೆ, ಬೇರೆ ಪದ ಸಿಗದೆ. ಆದರೆ ಗೀತೆಯಲ್ಲಿ ಕೃಷ್ಣ ಹೇಳುವುದು, ಧರ್ಮ ಸೊರಗಿದಾಗಲೆಲ್ಲ ನಾನು ಬರುತ್ತೇನೆ ಅಂತ. ಮತ್ತೆ ಮತ್ತೆ, ಯುಗ ಯುಗಕ್ಕೆ. ಮೀನಾಗಿ, ಆಮೆಯಾಗಿ, ವರಾಹನಾಗಿ ಕೂಡ. ಕ್ರೈಸ್ತರ ಪ್ರಕಾರ ದೇವರು ಮನುಷ್ಯರಾದದ್ದು ಒಂದೇ ಸಲ, ಇನ್ನೊಮ್ಮೆ ಹುಟ್ಟುವುದಿಲ್ಲ, ಲೋಕದ ಕೊನೆಗೆ ತೀರ್ಪಿಗಾಗಿ ಬರುತ್ತಾರೆ ಅಷ್ಟೇ.

ಇನ್ನೊಂದು ವ್ಯತ್ಯಾಸ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ಅವತಾರ ಪುರುಷರು ದುಷ್ಟರನ್ನು ಸಂಹರಿಸುತ್ತಾರೆ. ಯೇಸು ಯಾರನ್ನೂ ಸಂಹರಿಸಲಿಲ್ಲ, ತಾವೇ ಸತ್ತರು, ಅದೂ ರೋಮಿನವರು ಗುಲಾಮರಿಗೆ, ದಂಗೆಕೋರರಿಗೆ ಕೊಡುತ್ತಿದ್ದ ಅವಮಾನದ ಸಾವು. ನಮ್ಮ ಬೀದಿ ಹುಡುಗರಿಗೆ ಇದು ಒಂಥರಾ ಸಪ್ಪೆ ಕತೆ. "ದೇವರು ಸೋತುಬಿಟ್ಟರಾ?" ಅಂತ ಒಬ್ಬ ಮುಖ ಸಣ್ಣ ಮಾಡಿಕೊಂಡು ಕೇಳಿದ್ದ. ಆ ಪ್ರಶ್ನೆ ಮೊದಲ ಶತಮಾನದಲ್ಲೂ ಜನ ಕೇಳಿದ್ದರು.

ಮುಸ್ಲಿಮರೂ ಯೇಸುವನ್ನು ನಂಬುತ್ತಾರಂತೆ, ಹೌದಾ?

ಹೌದು, ಮತ್ತು ಇದು ತುಂಬ ಜನರಿಗೆ ಗೊತ್ತಿಲ್ಲ. ಅವರು ಈಸಾ ಅನ್ನುತ್ತಾರೆ. ಕನ್ಯೆ ಮರ್ಯಮರ ಹೊಟ್ಟೆಯಲ್ಲಿ ತಂದೆಯಿಲ್ಲದೆ ಹುಟ್ಟಿದ ದೊಡ್ಡ ಪ್ರವಾದಿ. ಕುರಾನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್. ಕುರಾನಿನಲ್ಲಿ ಹೆಸರು ಹಿಡಿದು ಕರೆದಿರುವ ಹೆಂಗಸು ಅವರೊಬ್ಬರೇ. ಬೈಬಲಿನ ಹೊಸ ಒಡಂಬಡಿಕೆಗಿಂತ ಜಾಸ್ತಿ ಸಲ ಮರಿಯಮ್ಮನವರ, ಅಂದರೆ ಯೇಸುವಿನ ತಾಯಿಯ, ಹೆಸರು ಕುರಾನಿನಲ್ಲಿ ಬರುತ್ತದೆ ಅಂದರೆ ನಮ್ಮ ಚರ್ಚಿನ ಅಜ್ಜಿಯರು ನಂಬುವುದೇ ಇಲ್ಲ.

ದಾರಿ ಬೇರೆಯಾಗುವುದು ಎರಡು ಕಡೆ. ಒಂದು, ಈಸಾ ದೇವರ ಮಗನಲ್ಲ, ಪ್ರವಾದಿ ಮಾತ್ರ. ಎರಡು, ಅವರನ್ನು ಶಿಲುಬೆಗೆ ಏರಿಸಿ ಕೊಲ್ಲಲಿಲ್ಲ, ಜನರಿಗೆ ಹಾಗೆ ತೋರಿತು, ಅಲ್ಲಾಹ್ ಅವರನ್ನು ತನ್ನ ಕಡೆಗೆ ಎತ್ತಿಕೊಂಡನು ಅನ್ನುತ್ತದೆ ಕುರಾನ್. ಕ್ರೈಸ್ತರಿಗೆ ಯಾವುದು ನಡುಮನೆಯ ಕಂಬವೋ ಅದೇ ಇಲ್ಲಿ ಇಲ್ಲ. ಈ ವ್ಯತ್ಯಾಸವನ್ನು ಮುಚ್ಚಿಡದೆಯೇ ಎರಡು ಮನೆಯವರು ಒಂದೇ ಬೀದಿಯಲ್ಲಿ ಆರಾಮಾಗಿ ಇರಬಹುದು. ನಮ್ಮ ಬೀದಿಯಲ್ಲೇ ಇದ್ದೇವೆ.

ಯೆಹೂದ್ಯರು?

ಯೇಸು ಯೆಹೂದಿ, ಮರಿಯಮ್ಮ ಯೆಹೂದಿ, ಹನ್ನೆರಡು ಶಿಷ್ಯರೂ ಯೆಹೂದ್ಯರು. ನಮ್ಮ ಹಳೆ ಒಡಂಬಡಿಕೆಯ ಹೆಚ್ಚಿನ ಭಾಗ ಅವರ ಪವಿತ್ರ ಗ್ರಂಥವೇ. ಕ್ರಿಸ್ತ ಅಂದರೆ ಅಭಿಷಿಕ್ತ, ಹೀಬ್ರೂ ಭಾಷೆಯಲ್ಲಿ ಮೆಸ್ಸಾಯ. ಮೆಸ್ಸಾಯ ಬಂದಾಯಿತು ಅನ್ನುತ್ತಾರೆ ಕ್ರೈಸ್ತರು, ಇನ್ನೂ ಬಂದಿಲ್ಲ ಅನ್ನುತ್ತಾರೆ ಯೆಹೂದ್ಯರು. ಇಷ್ಟು ಹತ್ತಿರದ ನೆಂಟರನ್ನು ಯುರೋಪಿನ ಕ್ರೈಸ್ತರು ನೂರಾರು ವರ್ಷ ಹಿಂಸಿಸಿದರು ಅನ್ನುವುದೂ ಇತಿಹಾಸವೇ. ಅದನ್ನು ಬಿಟ್ಟು ಹೇಳಿದರೆ ನಾನು ಸುಳ್ಳು ಹೇಳಿದಂತೆ.

ನೀವು ವಿಗ್ರಹ ಪೂಜೆ ಮಾಡಲ್ಲ ಅಂತೀರಿ. ಮತ್ತೆ ಚರ್ಚಿನಲ್ಲಿ ಪ್ರತಿಮೆಗಳು ಇವೆಯಲ್ಲ?

ಸಿಕ್ಕಿಬಿದ್ದೆ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಗೆ ಹೋಗಿ ನೋಡಿ. ಮಾತೆಗೆ ಸೀರೆ ಉಡಿಸಿರುತ್ತಾರೆ, ಸೆಪ್ಟೆಂಬರ್ 8ರ ಹಬ್ಬಕ್ಕೆ ತೇರು ಎಳೆಯುತ್ತಾರೆ, ಕಾವಿ ಬಣ್ಣದ ಬಟ್ಟೆ ತೊಟ್ಟ ಹರಕೆಯವರು ಸಾವಿರಗಟ್ಟಲೆ ಬರುತ್ತಾರೆ, ಅವರಲ್ಲಿ ಕ್ರೈಸ್ತರಲ್ಲದವರೂ ಬೇಕಾದಷ್ಟು. ಹೊರಗಿಂದ ನೋಡಿದರೆ ಜಾತ್ರೆಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಪುಸ್ತಕದ ಉತ್ತರ ಇದು: ದೇವಸ್ಥಾನದ ಮೂರ್ತಿಗೆ ಪ್ರಾಣಪ್ರತಿಷ್ಠೆ ಆಗುತ್ತದೆ, ಆಮೇಲೆ ಅಲ್ಲಿ ದೇವರು ಇದ್ದಾರೆ. ಬೆಳಿಗ್ಗೆ ಎಬ್ಬಿಸುತ್ತಾರೆ, ಸ್ನಾನ ಮಾಡಿಸುತ್ತಾರೆ, ನೈವೇದ್ಯ ಇಡುತ್ತಾರೆ. ಚರ್ಚಿನ ಪ್ರತಿಮೆಗೆ ಪ್ರಾಣಪ್ರತಿಷ್ಠೆ ಇಲ್ಲ. ಅದು ತೀರಿಹೋದ ತಾತನ ಫೋಟೋಗೆ ಹಾರ ಹಾಕಿದಂತೆ, ಗೌರವ ಫೋಟೋದಲ್ಲಿರುವವರಿಗೆ. 787ರಲ್ಲಿ ನೈಸಿಯಾದಲ್ಲಿ ನಡೆದ ಇನ್ನೊಂದು ಮಹಾಸಭೆ ಗೌರವ ಬೇರೆ, ಆರಾಧನೆ ಬೇರೆ ಅಂತ ಗೆರೆ ಎಳೆಯಿತು. ಪ್ರೊಟೆಸ್ಟಂಟರಿಗೆ ಈ ಉತ್ತರ ಸಾಲುವುದಿಲ್ಲ. ಅವರ ಚರ್ಚುಗಳಲ್ಲಿ ಸಾಮಾನ್ಯವಾಗಿ ಖಾಲಿ ಶಿಲುಬೆ ಮಾತ್ರ ಇರುತ್ತದೆ. ಮಸೀದಿಯಲ್ಲಿ ಅದೂ ಇಲ್ಲ, ಬರೀ ಅಕ್ಷರ ಮತ್ತು ಮೆಕ್ಕಾದ ದಿಕ್ಕು.

ಗೆರೆ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಮಗುವಿಗೆ ಜ್ವರ ಬಂದ ತಾಯಿ ಆ ಪ್ರತಿಮೆಯ ಪಾದ ಹಿಡಿದು ಅಳುವಾಗ ಅವಳ ಮನಸ್ಸಿನಲ್ಲೂ ಅಷ್ಟೇ ಸ್ಪಷ್ಟವಾಗಿರುತ್ತದೆ ಅಂತ ನಾನು ಆಣೆ ಮಾಡಲಾರೆ.

ಪಾಪ ಮತ್ತು ಕರ್ಮ ಒಂದೇನಾ? ಕ್ರೈಸ್ತರು ಮತ್ತೆ ಹುಟ್ಟುತ್ತಾರಾ?

ಹುಟ್ಟುವುದಿಲ್ಲ. ಒಂದೇ ಜನ್ಮ, ಒಂದೇ ಸಾವು, ಆಮೇಲೆ ತೀರ್ಪು. ಇದರಲ್ಲಿ ಕ್ರೈಸ್ತರು ಮತ್ತು ಮುಸ್ಲಿಮರು ಒಂದು ಕಡೆ. ಹಿಂದೂ, ಜೈನ, ಬೌದ್ಧ, ಸಿಖ್ ಇನ್ನೊಂದು ಕಡೆ, ಅಲ್ಲಿ ಹುಟ್ಟು ಸಾವಿನ ಚಕ್ರ ಇದೆ.

ಕರ್ಮ ಅಂದರೆ ಬಿತ್ತಿದ್ದು ಬೆಳೆಯುವ ನಿಯಮ. ಯಾರೂ ಕೂತು ಶಿಕ್ಷೆ ಕೊಡಬೇಕಾಗಿಲ್ಲ, ಮೆಣಸಿನಕಾಯಿ ಬಿತ್ತಿದರೆ ಮೆಣಸಿನಕಾಯಿ. ಜೈನರಲ್ಲಂತೂ ಕರ್ಮ ಒಂದು ಸೂಕ್ಷ್ಮ ದ್ರವ್ಯ, ಎಣ್ಣೆ ಕೈಗೆ ಧೂಳು ಅಂಟಿದಂತೆ ಜೀವಕ್ಕೆ ಅಂಟುತ್ತದೆ. ತಪಸ್ಸು ಮಾಡಿ ಅದನ್ನು ಉದುರಿಸಬೇಕು, ಬೇರೆಯವರು ಉದುರಿಸಿಕೊಡಲಾರರು. ಪಾಪ ಅಂದರೆ ಕ್ರೈಸ್ತರಿಗೆ ಸಂಬಂಧ ಕೆಡಿಸಿಕೊಂಡದ್ದು. ಅಮ್ಮನಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದಿರಿ ಅಂದುಕೊಳ್ಳಿ. ನಾಲ್ಕು ದಿನ ಪಾತ್ರೆ ತೊಳೆದರೆ ಲೆಕ್ಕ ಚುಕ್ತಾ ಆಗಬಹುದು, ಆದರೆ ಅಮ್ಮ ಕರೆದು ತಲೆ ನೇವರಿಸುವವರೆಗೆ ಮನೆ ಮನೆಯಂತೆ ಇರುವುದಿಲ್ಲ, ಅಲ್ವಾ? ಆ ನೇವರಿಕೆಗೆ ಕೃಪೆ ಅನ್ನುತ್ತಾರೆ. ಅದನ್ನು ಸಂಪಾದಿಸಲು ಆಗುವುದಿಲ್ಲ, ಸಿಗಬೇಕು.

ಹಾಗಂತ ಕೃಪೆ ಕ್ರೈಸ್ತರ ಸ್ವತ್ತಲ್ಲ. ದಾಸರ ಪದಗಳ ತುಂಬ ಅದೇ ಇದೆ. ಕುರಾನಿನ ಅಧ್ಯಾಯಗಳು, ಒಂದನ್ನು ಬಿಟ್ಟು, ಶುರುವಾಗುವುದೇ ಕರುಣಾಮಯನ ಹೆಸರಿನಿಂದ. ಒಟ್ಟು 114ರಲ್ಲಿ 113.

ದೇವರೇ ಇಲ್ಲದ ಧರ್ಮ ಇರಲು ಸಾಧ್ಯನಾ?

ಲೋಕವನ್ನು ಸೃಷ್ಟಿಸಿದ ದೇವರು ಅಂತ ಜೈನರು ಒಪ್ಪುವುದಿಲ್ಲ, ಬುದ್ಧರ ಬೋಧನೆಗೂ ಅದು ಬೇಕಾಗಿಲ್ಲ. ಶ್ರವಣಬೆಳಗೊಳದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಬಾಹುಬಲಿಗೆ ಮಹಾಮಸ್ತಕಾಭಿಷೇಕ ಆಗುತ್ತದಲ್ಲ, ಅಲ್ಲಿ ಹಾಲು, ಅರಿಶಿನ, ಗಂಧ ಸುರಿಯುವುದು ಲೋಕ ಸೃಷ್ಟಿಸಿದ ದೇವರಿಗಲ್ಲ. ಎಲ್ಲವನ್ನೂ ಬಿಟ್ಟು ಗೆದ್ದ ಒಬ್ಬ ಮನುಷ್ಯನಿಗೆ. ಬೈಲಕುಪ್ಪೆಯ ಟಿಬೆಟನ್ ಮಂದಿರದಲ್ಲಿ ಚಿನ್ನದ ಬಣ್ಣದ ಬುದ್ಧನ ಎದುರು ಭಿಕ್ಷುಗಳು ಅಡ್ಡಬೀಳುವುದನ್ನು ಟೂರಿನಲ್ಲಿ ನೋಡಿರುತ್ತೀರಿ. ಅಡ್ಡಬೀಳುವುದು ಅದೇ ಭಂಗಿ, ಒಳಗಿನ ಅರ್ಥ ನಮ್ಮದಲ್ಲ.

ಹತ್ತು ಆಜ್ಞೆಗಳು ಬಸವಣ್ಣನವರ ವಚನದ ಥರಾನೇ ಇವೆಯಲ್ಲ?

ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ. ಬೈಬಲಿನಲ್ಲಿ ದೇವರು ಮೋಶೆಗೆ ಕೊಟ್ಟ ಹತ್ತು ಆಜ್ಞೆಗಳಲ್ಲೂ ಕದಿಯಬೇಡ, ಕೊಲ್ಲಬೇಡ, ಸುಳ್ಳುಸಾಕ್ಷಿ ಹೇಳಬೇಡ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎರಡನ್ನೂ ಪಕ್ಕಪಕ್ಕ ಬರೆದು ತಂದು ತೋರಿಸಿದ್ದಳು, ನನಗೂ ಅದು ಅಲ್ಲಿವರೆಗೆ ಹೊಳೆದಿರಲಿಲ್ಲ. ಬೌದ್ಧರ ಪಂಚಶೀಲದಲ್ಲೂ ಜೈನರ ಅಣುವ್ರತದಲ್ಲೂ ಇವೇ ಮೂರು ಸಿಗುತ್ತವೆ. ಕೊಲೆ, ಕಳವು, ಸುಳ್ಳು ನಡೆಯುವ ಊರಲ್ಲಿ ಯಾರೂ ನೆಮ್ಮದಿಯಾಗಿ ಬದುಕಲಾರರು, ಅದಕ್ಕೆ ಎಲ್ಲರೂ ಇಲ್ಲಿಗೇ ಬರುತ್ತಾರೆ.

ಚೌಕಟ್ಟು ನೋಡಿ. ಹತ್ತು ಆಜ್ಞೆ ಶುರುವಾಗುವುದು, ನಾನು ನಿನ್ನನ್ನು ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿದ ದೇವರು, ನನ್ನ ಹೊರತು ಬೇರೆ ದೇವರು ನಿನಗಿರಬಾರದು ಅಂತ. ಅದು ಒಂದು ಜನಾಂಗದ ಜೊತೆಗಿನ ಒಪ್ಪಂದ. ವಚನ ಮುಗಿಯುವುದು, ಇದೇ ಅಂತರಂಗಶುದ್ಧಿ, ಇದೇ ಬಹಿರಂಗಶುದ್ಧಿ ಅಂತ. ಅದು ದೇವರನ್ನು ಒಲಿಸಿಕೊಳ್ಳುವ ಬಗೆ. ಗುಡಿ, ಪುರೋಹಿತ, ಸ್ನಾನ, ಮಡಿ ಯಾವುದೂ ಬೇಡ, ಇಷ್ಟಿದ್ದರೆ ಸಾಕು ಅನ್ನುವ ಧೈರ್ಯ ಅದರಲ್ಲಿದೆ.

ಉಪವಾಸ ಎಲ್ಲರಲ್ಲೂ ಇದೆ. ಅದಾದರೂ ಒಂದೇ ಅಲ್ವಾ?

ಹಸಿವು ಒಂದೇ. ರಂಜಾನಿನಲ್ಲಿ ನಸುಕಿನಿಂದ ಸೂರ್ಯಾಸ್ತದವರೆಗೆ ನೀರೂ ಇಲ್ಲ, 29 ಅಥವಾ 30 ದಿನ. ಏಕಾದಶಿಗೆ ಅನ್ನ ಬಿಟ್ಟು ಅವಲಕ್ಕಿ ತಿನ್ನುವ ಮನೆಗಳಿವೆ. ದಿಗಂಬರ ಜೈನರ ದಶಲಕ್ಷಣ ಹತ್ತು ದಿನ, ಕೆಲವರು ಬರೀ ಬಿಸಿನೀರಿನಲ್ಲಿ ಕಳೆಯುತ್ತಾರೆ. ಇವರ ಮುಂದೆ ನಮ್ಮ ಕ್ಯಾಥೊಲಿಕರ ಉಪವಾಸ ಹೇಳಿಕೊಳ್ಳಲೇ ನಾಚಿಕೆ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಒಂದೇ ಪೂರ್ತಿ ಊಟ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮಾಂಸ ಇಲ್ಲ. ಮಂಗಳೂರು ಕಡೆಯವರು ಮೀನು ತಿಂದು "ಉಪವಾಸ" ಅನ್ನುತ್ತಾರೆ, ನಮ್ಮಮ್ಮನೂ ಅದೇ ಪೈಕಿ.

ಬೂದಿ ಬುಧವಾರ ಅಂದೆ. ಅವತ್ತು ಹಣೆಗೆ ಬೂದಿ ಹಚ್ಚುತ್ತಾರೆ, ಅದನ್ನು ವಿಭೂತಿ ಬುಧವಾರ ಅನ್ನುವವರೂ ಇದ್ದಾರೆ. ಶಿವಭಕ್ತರಿಗೆ ವಿಭೂತಿ ದಿನದಿನದ ಆಭರಣ, ರಕ್ಷೆ. ನಮಗೆ ವರ್ಷಕ್ಕೊಮ್ಮೆ, ನೀನು ಮಣ್ಣು, ಮಣ್ಣಿಗೇ ಹೋಗುವವನು ಅಂತ ನೆನಪಿಸಲು.

ಈಸ್ಟರ್ ಯಾಕೆ ಪ್ರತಿ ವರ್ಷ ಬೇರೆ ತಾರೀಕಿಗೆ ಬರುತ್ತದೆ?

ಈಸ್ಟರ್ ಅಂದರೆ ಯೇಸು ಎದ್ದುಬಂದ ದಿನದ ಹಬ್ಬ. ನಮ್ಮ ಹಬ್ಬಗಳ ಹಾಗೆ ಅದಕ್ಕೂ ಚಂದ್ರ ಬೇಕು! ಯೇಸು ಸತ್ತದ್ದು ಯೆಹೂದ್ಯರ ಪಾಸ್ಕ ಹಬ್ಬದ ಹೊತ್ತಿನಲ್ಲಿ, ಪಾಸ್ಕ ಬರುವುದು ಹುಣ್ಣಿಮೆಗೆ. ಹಾಗಾಗಿ ಲೆಕ್ಕ ಹೀಗೆ: ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ, ಅದರ ನಂತರದ ಭಾನುವಾರ. ಮಾರ್ಚ್ 22ಕ್ಕಿಂತ ಮೊದಲು, ಏಪ್ರಿಲ್ 25ರ ನಂತರ ಬರುವುದಿಲ್ಲ. ಹುಣ್ಣಿಮೆಯನ್ನು ಚರ್ಚಿನ ಹಳೆಯ ಕೋಷ್ಟಕದಿಂದ ತೆಗೆಯುತ್ತಾರೆ, ಆಕಾಶ ನೋಡಿ ಅಲ್ಲ.

ನಮ್ಮ ಮಕ್ಕಳಿಗೆ ನಾನು ಹೇಳಿಕೊಡುವ ಸುಲಭದ ಲೆಕ್ಕ ಇದು. ಯುಗಾದಿ ಆದ ಮೇಲಿನ ಹುಣ್ಣಿಮೆ ನೋಡಿಕೊಳ್ಳಿ, ಬಹಳ ವರ್ಷ ಅದರ ಮುಂದಿನ ಭಾನುವಾರವೇ ಈಸ್ಟರ್. 2025ರಲ್ಲಿ ಯುಗಾದಿ ಮಾರ್ಚ್ 30, ಈಸ್ಟರ್ ಏಪ್ರಿಲ್ 20. 2026ರಲ್ಲಿ ಯುಗಾದಿ ಮಾರ್ಚ್ 19, ಈಸ್ಟರ್ ಏಪ್ರಿಲ್ 5. ಕೆಲವು ವರ್ಷ ಕೈಕೊಡುತ್ತದೆ. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೇ ಮುಗಿದು ಯುಗಾದಿ ಏಪ್ರಿಲ್ 9ಕ್ಕೆ ಬಂತು. ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಮ್ಮಿ. ಅದನ್ನು ಸರಿದೂಗಿಸಲು ನಾವು ಅಧಿಕ ಮಾಸ ಸೇರಿಸುತ್ತೇವೆ, ಯೆಹೂದ್ಯರೂ ಒಂದು ತಿಂಗಳು ಸೇರಿಸುತ್ತಾರೆ. ಇಸ್ಲಾಮಿ ಕ್ಯಾಲೆಂಡರ್ ಸೇರಿಸುವುದಿಲ್ಲ, ಅದಕ್ಕೇ ರಂಜಾನ್ ಒಮ್ಮೆ ಬೇಸಿಗೆಗೆ, ಒಮ್ಮೆ ಮಳೆಗಾಲಕ್ಕೆ ಬರುತ್ತದೆ.

ಇದು ಬ್ರಿಟಿಷರು ತಂದ ಧರ್ಮ ಅಂತಾರಲ್ಲ?

ಬ್ರಿಟಿಷರಿಗಿಂತ ಬಹಳ ಹಿಂದಿನದು. ಯೇಸುವಿನ ಹನ್ನೆರಡು ಶಿಷ್ಯರಲ್ಲೊಬ್ಬರಾದ ಸಂತ ಥಾಮಸರು ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದರು ಅನ್ನುವುದು ಅಲ್ಲಿನವರ ಪರಂಪರೆ. ಅದನ್ನು ಬದಿಗಿಟ್ಟರೂ ಯುರೋಪಿನವರು ಹಡಗಿನಲ್ಲಿ ಬರುವುದಕ್ಕೆ ನೂರಾರು ವರ್ಷ ಮುಂಚೆ ಕೇರಳದಲ್ಲಿ ಸಿರಿಯನ್ ಕ್ರೈಸ್ತರಿದ್ದರು.

ಕರ್ನಾಟಕದ ಕತೆ ಬೇರೆ. ಗೋವಾ 1510ರಲ್ಲಿ ಪೋರ್ಚುಗೀಸರ ಕೈಗೆ ಹೋಯಿತು. 1560ರಲ್ಲಿ ಅಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ, ಅಂದರೆ ಚರ್ಚಿನ ಕಟ್ಟಳೆ ತಪ್ಪಿದ ಕ್ರೈಸ್ತರನ್ನು ಶಿಕ್ಷಿಸುವ ನ್ಯಾಯಾಲಯ, ಶುರುವಾದ ಮೇಲೆ, ತೆರಿಗೆ, ಬರ, ಯುದ್ಧಗಳೂ ಸೇರಿ, ಕೊಂಕಣಿ ಕ್ರೈಸ್ತರು ದಕ್ಷಿಣಕ್ಕೆ ಬಂದರು. ಕ್ರೈಸ್ತರು ಕ್ರೈಸ್ತ ಸರ್ಕಾರಕ್ಕೆ ಹೆದರಿ ಓಡಿಬಂದರು ಅಂದರೆ ಹುಡುಗರು ನಗುತ್ತಾರೆ. ನಮ್ಮಮ್ಮನ ಕಡೆಯವರು ಹಾಗೆ ಬಂದವರೇ. 1784ರಲ್ಲಿ ಟಿಪ್ಪುವಿನ ಸೈನ್ಯ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿತು, ಅನೇಕರು ದಾರಿಯಲ್ಲೂ ಸೆರೆಯಲ್ಲೂ ಸತ್ತರು, ಬದುಕಿ ಉಳಿದವರು ಊರಿಗೆ ಮರಳಿದ್ದು 1799ರ ನಂತರ. ಇನ್ನು ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರು ಬ್ರಿಟಿಷರಲ್ಲ, ಜರ್ಮನ್ ಮತ್ತು ಸ್ವಿಸ್ ಜನ. ಅವರಲ್ಲಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ತಂದರು, ಕನ್ನಡದ ಮೊದಲ ಪತ್ರಿಕೆ. ಫರ್ಡಿನಾಂಡ್ ಕಿಟ್ಟೆಲ್ಲರ ನಿಘಂಟು 1894ರಲ್ಲಿ ಬಂತು. ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯೂ ಅವರದೇ, 1865ರಲ್ಲಿ. ಧರ್ಮಪ್ರಚಾರಕ್ಕೆ ಬಂದವರು ಮೀಸೆ ತಿರುವಿಕೊಂಡು ವಚನ, ಜೈಮಿನಿ ಭಾರತ ಓದುತ್ತಾ ಕೂತರು. ಕಿಟ್ಟೆಲ್ಲರಿಗಂತೂ ಕನ್ನಡದ ಹುಚ್ಚೇ ಹಿಡಿದಿತ್ತು.

2011ರ ಜನಗಣತಿ ಪ್ರಕಾರ ಭಾರತದಲ್ಲಿ ಕ್ರೈಸ್ತರು ಶೇ. 2.3, ಕರ್ನಾಟಕದಲ್ಲಿ ಶೇ. 1.87. ಕ್ಲಾಸಿನಲ್ಲಿ ಐವತ್ತು ಮಕ್ಕಳಿದ್ದರೆ ಒಬ್ಬರು ಅಂದುಕೊಳ್ಳಿ.

ಕ್ರೈಸ್ತರಲ್ಲಿ ಜಾತಿ ಇಲ್ಲ ಅಲ್ವಾ?

ಬೈಬಲಿನಲ್ಲಿ ಇಲ್ಲ. ಮನೆಗಳಲ್ಲಿ ಇದೆ. ಮದುವೆ ಮಾತು ಬಂದಾಗ ಹಳೆ ಜಾತಿ ಮೆಲ್ಲಗೆ ತಲೆ ಎತ್ತುವುದನ್ನು ನಾನೇ ಕಂಡಿದ್ದೇನೆ. ತಮಿಳುನಾಡಿನ ಕೆಲವು ಊರುಗಳಲ್ಲಿ ದಲಿತ ಕ್ರೈಸ್ತರಿಗೆ ಬೇರೆ ಸ್ಮಶಾನ. ಕಾನೂನಿನಲ್ಲೂ ಒಂದು ಗಂಟಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಹೊರಗೇ ಉಳಿದರು.

ಕ್ಯಾಥೊಲಿಕ್, ಸಿಎಸ್‌ಐ, ಪೆಂಟೆಕೋಸ್ಟ್. ಯಾಕೆ ಇಷ್ಟೊಂದು ಬಗೆ?

ಜಗಳ ಆಡಿಕೊಂಡು. 1054ರಲ್ಲಿ ಪೂರ್ವದವರು, ಪಶ್ಚಿಮದವರು ಬೇರೆಯಾದರು. 1517ರಲ್ಲಿ ಮಾರ್ಟಿನ್ ಲೂಥರ್ ಪೋಪರ ವ್ಯವಸ್ಥೆಯನ್ನು ಪ್ರಶ್ನಿಸಿದ ಮೇಲೆ ಪ್ರೊಟೆಸ್ಟಂಟರು ಹುಟ್ಟಿದರು. ಉಲ್ಟಾ ಕೂಡಿಕೊಂಡದ್ದೂ ಉಂಟು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತದ ಹಲವು ಪ್ರೊಟೆಸ್ಟಂಟ್ ಸಭೆಗಳು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಆಯಿತು. ಶಿಯಾ ಸುನ್ನಿ, ದಿಗಂಬರ ಶ್ವೇತಾಂಬರ, ಹೀನಯಾನ ಮಹಾಯಾನ ಎಲ್ಲ ಕೇಳಿದ್ದೀರಲ್ಲ. ಒಡೆಯದ ಮನೆ ಯಾವುದಿದೆ?

ನಾನು ಕ್ರೈಸ್ತ ಅಲ್ಲ. ನಾನು ನರಕಕ್ಕೆ ಹೋಗ್ತೀನಾ?

ಇದನ್ನು ಒಬ್ಬಳು ಅಳುತ್ತಾ ಕೇಳಿದ್ದಳು. ಬಸ್ ಸ್ಟಾಂಡಿನಲ್ಲಿ ಯಾರೋ ಕೈಗೆ ಕೊಟ್ಟ ಚೀಟಿಯಲ್ಲಿ ಹಾಗೆ ಬರೆದಿತ್ತಂತೆ.

ಕ್ರೈಸ್ತರಲ್ಲೇ ಒಮ್ಮತ ಇಲ್ಲ. ನನ್ನ ಮೂಲಕ ಹೊರತು ಯಾರೂ ತಂದೆಯ ಬಳಿಗೆ ಬರಲಾರರು ಎಂಬ ಯೇಸುವಿನ ಮಾತು ಯೊವಾನ್ನರ ಸುವಾರ್ತೆಯಲ್ಲಿದೆ. ಕೆಲವು ಸಭೆಯವರು ಅದನ್ನು ಅಕ್ಷರಶಃ ಹಿಡಿಯುತ್ತಾರೆ. ನಮ್ಮ ಕ್ಯಾಥೊಲಿಕ್ ಚರ್ಚು 1965ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ತಾನು ತಳ್ಳಿಹಾಕುವುದಿಲ್ಲ ಅಂತ ಘೋಷಿಸಿತು. ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನು ಅರಿಯದವರು ಮನಃಸಾಕ್ಷಿಯಂತೆ ಬದುಕಿದರೆ ಅವರಿಗೂ ರಕ್ಷಣೆ ಸಾಧ್ಯ ಅಂತಲೂ ಅದೇ ಸಭೆ ಹೇಳಿತು. ಯಾರು ನರಕಕ್ಕೆ ಹೋಗುತ್ತಾರೆ ಅಂತ ಪಟ್ಟಿ ಬರೆಯುವ ಕೆಲಸ ಯಾವ ಮನುಷ್ಯನಿಗೂ ಕೊಟ್ಟಿಲ್ಲ. ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: ಚೀಟಿ ಇಲ್ಲಿ ಕೊಡು, ಒಲೆ ಹಚ್ಚಲು ಬೇಕಿತ್ತು.

ನಾನು ಚರ್ಚಿಗೆ ಬರಬಹುದಾ? ಏನು ಮಾಡಬೇಕು?

ಬನ್ನಿ, ಯಾರೂ ತಡೆಯುವುದಿಲ್ಲ. ಹಳ್ಳಿ ಕಡೆ ಎಷ್ಟೋ ಚರ್ಚುಗಳಲ್ಲಿ ಚಪ್ಪಲಿ ಹೊರಗೆ ಬಿಡುತ್ತಾರೆ, ಪಟ್ಟಣದಲ್ಲಿ ಬಿಡುವುದಿಲ್ಲ, ಬಾಗಿಲಲ್ಲಿ ನೋಡಿಕೊಳ್ಳಿ. ಎಲ್ಲರೂ ನಿಂತಾಗ ನಿಲ್ಲಿ, ಕೂತಾಗ ಕೂರಿ. ಮೊಣಕಾಲೂರುವುದು, ಶಿಲುಬೆ ಗುರುತು ಹಾಕುವುದು ನಿಮಗೆ ಕಡ್ಡಾಯವಲ್ಲ. ಫೋನ್ ಸೈಲೆಂಟ್.

ಪರಮಪ್ರಸಾದದ ಸಾಲು ಬಂದಾಗ ಕೂತಲ್ಲೇ ಇರಬಹುದು. ಸಾಲಿನಲ್ಲಿ ಹೋಗಲೇಬೇಕು ಅನಿಸಿದರೆ ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟುಕೊಳ್ಳಿ, ಗುರುಗಳು ಸಾಮಾನ್ಯವಾಗಿ ತಲೆ ಮುಟ್ಟಿ ಆಶೀರ್ವಾದ ಮಾಡಿ ಕಳಿಸುತ್ತಾರೆ. ಕ್ರಿಸ್ಮಸ್ ರಾತ್ರಿಯಾದರೆ ಪೂಜೆ ಮುಗಿದ ಮೇಲೆ ಹೊರಗೆ ಕೇಕ್ ಹಂಚುತ್ತಾರೆ, ಮಂಗಳೂರು ಕಡೆಯವರಿದ್ದರೆ ಕುಸ್ವಾರ್ ಅನ್ನುವ ಕ್ರಿಸ್ಮಸ್ ತಿಂಡಿಗಳ ಡಬ್ಬಿಯಿಂದ ನೆವ್ರಿ, ಗುಳಿಯೊ ಕೂಡ ಸಿಗಬಹುದು. ಅದನ್ನು ಎಷ್ಟು ಬೇಕಾದರೂ ಕರ್ಚೀಫಿನಲ್ಲಿ ಸುತ್ತಿ ಅಜ್ಜಿಗೆ ಒಯ್ಯಬಹುದು, ಯಾರೂ ಓಡಿಬಂದು ಭುಜ ಹಿಡಿಯುವುದಿಲ್ಲ.